ಮಾನೊಲಿಸರ ಹತ್ತನೇ ಕೀಲಿಕೈ

ಮೇ 9, ಶುಕ್ರವಾರ: ಅಬ್‌ಸ್ಟಾಟ್

ನನ್ನ ಡೈರಿಯ ಪ್ರತಿ ಪುಟದ ಬಲ ಅಂಚಿನಲ್ಲಿ ಒಂದು ಸಣ್ಣ ಕಾಲಂ ಇದೆ. ಅದರ ಹೆಸರು 'ಬೆಚ್ಚಿದ್ದು'. ಆ ದಿನ ಎಷ್ಟು ಸಲ ಬೆಚ್ಚಿದೆನೋ ಅಷ್ಟು ಗೀಟು. ಹುಬ್ಬಳ್ಳಿಯಲ್ಲಿ ಈ ಕಾಲಂ ವಾರಗಟ್ಟಲೆ ಖಾಲಿ ಇರುತ್ತದೆ. ನಾನು ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಹೈಸ್ಕೂಲು ಹುಡುಗರ ನಡುವೆ ಬದುಕುವವನು ಸುಲಭಕ್ಕೆ ಬೆಚ್ಚುವುದಿಲ್ಲ. ಆದರೆ ಈ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆಂದು ಜರ್ಮನಿಯ ಅಬ್‌ಸ್ಟಾಟ್ ಎಂಬ ಊರಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದೆ. ಆ ಹನ್ನೆರಡು ಪುಟಗಳಲ್ಲಿ ನಲವತ್ತೊಂದು ಗೀಟು ಬಿದ್ದಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬ ಗ್ರೀಕ್ ಮನುಷ್ಯನಿಂದಾಗಿ ಬಿದ್ದವು.

ಮೊದಲ ದಿನದ ನಾಲ್ಕರಲ್ಲಿ ಮಾತ್ರ ಅವರ ಪಾಲಿಲ್ಲ.

ಸಂಜೆ ಒಬ್ಬನೇ ತಿರುಗಾಡಲು ಹೊರಟು ರಸ್ತೆಯಂಚಿನಲ್ಲಿ ಸುಮ್ಮನೆ ನಿಂತಿದ್ದೆ. ಒಂದು ಕಾರು ನಿಂತಿತು. ಒಳಗಿದ್ದ ಅಜ್ಜಿ ನನ್ನತ್ತ ನೋಡಿ ಕೈ ಬೀಸಿ, ದಾಟು ಎಂದಳು. ನನಗೆ ಆಚೆ ಬದಿಯಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ನನಗಾಗಿ ಇಷ್ಟು ದೊಡ್ಡ ಕಾರು ನಿಂತಿದೆಯಲ್ಲ ಎಂದು ಸಂಕೋಚವಾಗಿ ದಾಟಿಬಿಟ್ಟೆ. ಮರಳಿ ಬರಬೇಕಲ್ಲ, ಮತ್ತೆ ನಿಂತೆ. ಇನ್ನೊಂದು ಕಾರು ನಿಂತಿತು. ನಮ್ಮೂರ ಚೆನ್ನಮ್ಮ ಸರ್ಕಲ್ಲಿನಲ್ಲಿ ಇಪ್ಪತ್ತಾರು ವರ್ಷ ಬದುಕಿ ಉಳಿದಿದ್ದೇನೆ. ನನಗಾಗಿ ನಿಂತದ್ದು ಎಮ್ಮೆ ಮಾತ್ರ, ಅದೂ ಮನಸ್ಸಾದಾಗ.

ಮನೆಗೆ ಬಂದರೆ ಅಕ್ಕ ಕುಕ್ಕರಿನ ಸೀಟಿಯ ಮೇಲೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಹಿಂದೊಮ್ಮೆ ಮೂರನೇ ಸೀಟಿಗೆ ಪಕ್ಕದ ಮನೆಯಾತ ಬಂದು, ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿದ್ದನಂತೆ.

"ಲೇ ವಿನ್ಯಾ, ಇಲ್ಲೆ ಸಪ್ಪಳ ಮಾಡಬಾರದು, ನೋಡು," ಎಂದಳು. "ನೀ ಸೀನಿದರೂ ಕರ್ಚೀಫ್ ಹಿಡದು ಸೀನು."

ಅಕ್ಕನ ಮಗಳು ಈಶಾಗೆ ಎಂಟು ವರ್ಷ. ಫೋನಿನಲ್ಲಿ ಮಾತಾಡುವಾಗಲೆಲ್ಲ ಕನ್ನಡದಲ್ಲಿ 'ಹೂಂ' ಅನ್ನುತ್ತಿದ್ದಳು. ಅದಷ್ಟೇ ಅವಳ ಕನ್ನಡ ಎಂದು ಗೊತ್ತಿರಲಿಲ್ಲ. ನಾನು ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲಿ ಬರುತ್ತದೆ. ಧಾರವಾಡದ ಭಾವ, ಈಗ ಜರ್ಮನಿಯ ದೊಡ್ಡ ವಾಹನ ಕಂಪನಿಯಲ್ಲಿ ಬ್ರೇಕುಗಳ ಪರೀಕ್ಷೆ ಮಾಡುವ ಎಂಜಿನಿಯರು, ನನ್ನ ಮುಖ ನೋಡಿ ನಕ್ಕರು. "ಅಕೀಗೆ ಕನ್ನಡ ಇನ್‌ಪುಟ್ ಅಷ್ಟ ಐತಿ. ಔಟ್‌ಪುಟ್ ಇಲ್ಲ."

"ನಾಳೆ ಅಕೀ ಫುಟ್‌ಬಾಲ್ ಐತಿ. ಬರ್ತಿಯೇನು?" ಎಂದು ಅಕ್ಕ ಕೇಳಿದಳು. ಕೇಳಬೇಕೇ? ನಾಲ್ಕು ವರ್ಷಗಳಿಂದ ನಮ್ಮೂರ ಭಾನುವಾರದ ಪಂದ್ಯಗಳ ಲೆಕ್ಕ ಬರೆಯುವವನು ನಾನು. ಹೊಸ ಪುಟಕ್ಕೆ ಆಗಲೇ ಗೀಟು ಹಾಕಿ ಕಾಲಂ ಮಾಡಿಟ್ಟೆ.

ಮೇ 10, ಶನಿವಾರ: ಮೈದಾನ

ಪಕ್ಕದ ಹಳ್ಳಿಯ ಮೈದಾನ. ಮೂರು ಕಡೆ ದ್ರಾಕ್ಷಿ ತೋಟದ ಇಳಿಜಾರು, ಒಂದು ಕಡೆ ತಂತಿಬೇಲಿ. ಹುಲ್ಲು ಎಷ್ಟು ಸಮನಾಗಿತ್ತೆಂದರೆ ಶೂ ಹಾಕಿಕೊಂಡು ಒಳಗೆ ಕಾಲಿಡಲು ಹಿಂಜರಿದೆ.

ಸ್ಕೋರ್ ಬೋರ್ಡ್ ಹುಡುಕಿದೆ. ಇರಲಿಲ್ಲ. ರೆಫರಿ ಎಲ್ಲಿ ಎಂದು ಭಾವನನ್ನು ಕೇಳಿದೆ.

"ಇಲ್ಲ."

"ಬಂದಿಲ್ಲೇನ್ರಿ?"

"ಅಲ್ಲೋ, ಸಣ್ಣ ಮಕ್ಕಳಿಗೆ ರೆಫರೀನ ಇಲ್ಲ ಇಲ್ಲೆ. ಫೌಲ್ ಆದರ ಅವರವರ ಮಾತಾಡಿಕೊಂತಾರ. ಪಾಯಿಂಟ್ ಟೇಬಲ್ ಇಲ್ಲ. ಗೆದ್ದವರು ಸೋತವರು ಅಂತನೂ ಇಲ್ಲ."

ಎರಡು ಗೀಟು ಒಟ್ಟಿಗೇ ಬಿದ್ದವು. ನಮ್ಮೂರಲ್ಲಿ ಐದನೇ ಇಯತ್ತೆಯ ಹುಡುಗರ ಪಂದ್ಯಕ್ಕೂ ಮೈಕ್ ಇರುತ್ತದೆ. ಗೋಲು ಹೊಡೆದವನ ಹೆಸರು, ಅವನ ಅಪ್ಪನ ಹೆಸರು, ಓಣಿಯ ಹೆಸರು ಮೂರನ್ನೂ ನಾನೇ ಕೂಗುತ್ತೇನೆ. ಹೆಸರು ಕೂಗಿಸಿಕೊಂಡ ಹುಡುಗನ ಮನೆಯಿಂದ ನನ್ನ ಕುರ್ಚಿಗೆ ಗಿರ್ಮಿಟ್ ಬರುತ್ತದೆ. ಲೆಕ್ಕವಿಲ್ಲದ ಆಟವೆಂದರೆ ನನ್ನ ತಿಳಿವಳಿಕೆಯಲ್ಲಿ ಮಳೆಗೆ ನಿಂತುಹೋದ ಆಟ.

ತಂದೆತಾಯಿಗಳು ಗೆರೆಯಿಂದ ದೂರ, ಹಗ್ಗದ ಆಚೆ ನಿಲ್ಲಬೇಕು. ಎರಡೂ ತಂಡದ ಕೋಚುಗಳು ಅಕ್ಕಪಕ್ಕ ನಿಲ್ಲಬೇಕು. ಈಶಾಳ ಕೋಚ್ ಅರವತ್ತರ ಆಸುಪಾಸಿನ ಉದ್ದನೆಯ ಮನುಷ್ಯ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಕೊರಳಲ್ಲಿ ಸೀಟಿ ಇರಲಿಲ್ಲ, ಕೆಂಪು ಉಲ್ಲನ್ ದಾರದಲ್ಲಿ ಒಂದು ಕೀಲಿಕೈ ಇತ್ತು. ಅದು ಚೆಂಡಿನ ಶೆಡ್ಡಿನದು.

"ಮಾನೊಲಿಸ್ ಅಂತ," ಭಾವ ಪಿಸುಗುಟ್ಟಿದರು. "ಗ್ರೀಸ್‌ನವರು. ಒಂದ್ ಕಾಲಕ್ಕ ದೊಡ್ಡ ಫಾರ್ವರ್ಡ್. ಇಲ್ಲಿಯ ಮೇಲಿನ ಲೀಗಿನೊಳಗ ಆಡ್ಯಾರ. ಅವರ ದೇಶಕ್ಕೂ ಆಡ್ಯಾರ."

"ಮತ್ತ ಇಲ್ಲೆ, ಎಂಟು ವರ್ಷದ ಮಕ್ಕಳ ಕೂಡ?"

"ಈಗ ಶಾಲೆಯೊಳಗ ಹೌಸ್‌ಮೈಸ್ಟರ್. ಬಲ್ಬ್ ಹಾಕೂದು, ಬಾಗಿಲಾ ರಿಪೇರಿ ಮಾಡೂದು. ಶನಿವಾರ ಇದು."

ದೇಶಕ್ಕೆ ಆಡಿದವರು ನಮ್ಮ ಜಿಲ್ಲೆಯಲ್ಲಿ ಒಬ್ಬರಿದ್ದರೂ ಸಾಕು, ಒಂದು ಸರ್ಕಲ್ಲಿಗೆ ಅವರ ಹೆಸರಿಡುತ್ತಿದ್ದೆವು. ಮೂರನೇ ಗೀಟು.

ಆಟ ಶುರುವಾಯಿತು. ಈಶಾಳ ತಂಡದಲ್ಲಿ ಎಂಟು ಮಕ್ಕಳು, ಮೈದಾನದೊಳಗೆ ಒಮ್ಮೆಗೆ ಐವರು. ಹತ್ತು ನಿಮಿಷದ ನಾಲ್ಕು ಆಟ. ಯಾರೂ ಬರೆಯದಿದ್ದರೆ ನಾನು ಬರೆಯುತ್ತೇನೆ ಎಂದು ಕುಳಿತೆ. ಲೀನಾ ಎಂಬ ಹುಡುಗಿ ಇದ್ದಳು. ಚೆಂಡು ಅವಳ ಕಾಲಿಗೆ ಸಿಕ್ಕರೆ ಮುಗಿಯಿತು, ಗೋಲಿನ ತನಕ ಯಾರೂ ಅವಳನ್ನು ತಡೆಯಲಾರರು. ಅವಳೊಬ್ಬಳದೇ ಒಂಬತ್ತು ಗೋಲು. ಇನ್ನಿಬ್ಬರದು ಒಂದೊಂದು. ಈಶಾ ಸೇರಿ ಐವರದು ಸೊನ್ನೆ. ಯಾರು ಎಷ್ಟು ನಿಮಿಷ ಆಡಿದರು ಎಂಬುದನ್ನೂ ಅಭ್ಯಾಸಬಲದಿಂದ ಎದುರಿನ ಪುಟದಲ್ಲಿ ಬರೆದೆ. ನಲವತ್ತು ನಿಮಿಷ, ಐವರು, ಒಟ್ಟು ಇನ್ನೂರು. ಕೂಡಿಸಿ ನೋಡಿದೆ, ತಾಳೆಯಾಯಿತು.

ಈಶಾಳ ಫೋಟೋ ತೆಗೆಯಲೆಂದು ಅಕ್ಕನ ಫೋನ್ ನನ್ನ ಕೈಯಲ್ಲಿತ್ತು. ಗೋಲಿನ ಪುಟದ ಫೋಟೋ ತೆಗೆದು, ತಂದೆತಾಯಿಗಳ ಗ್ರೂಪಿಗೆ ಹಾಕಿದೆ. ಕೈಮುಗಿಯುವ ಚಿತ್ರ ಒಂದು, ಚೆಂಡಿನ ಚಿತ್ರ ಒಂದು. ಹುಬ್ಬಳ್ಳಿಯಲ್ಲಿ ಪಂದ್ಯ ಮುಗಿದು ಅರ್ಧ ಗಂಟೆಯೊಳಗೆ ಹಾಕದಿದ್ದರೆ ತಾಯಂದಿರು ಫೋನ್ ಮಾಡಿ ಬೈಯುತ್ತಾರೆ.

ಇಲ್ಲಿ ಒಬ್ಬರೂ ಹೃದಯದ ಚಿತ್ರ ಹಾಕಲಿಲ್ಲ.

ಮೇ 11, ಭಾನುವಾರ: ಅಡುಗೆಮನೆ

ಬೆಳಿಗ್ಗೆ ಅಕ್ಕ ಫೋನನ್ನು ಕುದಿಯುವ ಪಾತ್ರೆ ಹಿಡಿದಂತೆ ಹಿಡಿದುಕೊಂಡು ಬಂದಳು.

"ಏನ್ ಮಾಡೀಯೋ ಇದು?"

"ಸ್ಕೋರ್ ಹಾಕೀನಿ."

"ಸ್ಕೋರ್ ಹಾಕೀಯಾ." ಅವಳು ಕುರ್ಚಿಯ ಮೇಲೆ ಕುಳಿತಳು. "ಇಪ್ಪತ್ತೇಳು ಮೆಸೇಜ್ ಬಂದಾವ."

ನಾನೂ ಎಣಿಸಿದೆ. ಇಪ್ಪತ್ತೇಳೇ. ಅಕ್ಕ ಒಂದೊಂದಾಗಿ ಓದಿ ಹೇಳಿದಳು. ಮಕ್ಕಳ ಹೆಸರು ಬರೆದು ಹಂಚಲು ಯಾರು ಅನುಮತಿ ಕೊಟ್ಟರು ಎಂದು ಮೂವರು ಕೇಳಿದ್ದರು. ನನ್ನ ಮಗ ನಿನ್ನೆ ರಾತ್ರಿ ಊಟ ಮಾಡಿಲ್ಲ, ತನ್ನ ಮುಂದೆ ಸೊನ್ನೆ ಇದೆ ಎಂದು ಗೊತ್ತಾಗಿದೆ ಎಂದು ಒಬ್ಬ ತಾಯಿ ಬರೆದಿದ್ದಳು. ಎಣಿಸುವುದಿಲ್ಲ ಎಂಬುದೇ ನಮ್ಮ ಕ್ಲಬ್ಬಿನ ನಿಯಮವಲ್ಲವೇ ಎಂದು ಇನ್ನೊಬ್ಬರು. ಲೀನಾಳ ಅಪ್ಪ ಮಾತ್ರ ಬೇರೆಯದನ್ನು ಕೇಳಿದ್ದರು: ಒಂಬತ್ತು ಗೋಲು ಹೊಡೆದ ನನ್ನ ಮಗಳನ್ನು ಪದೇ ಪದೇ ಹೊರಗೆ ಕೂರಿಸುವುದು ಏಕೆ?

"ಡಾಟೆನ್‌ಶುಟ್ಸ್ ಅಂತ ಐತಿ ಇಲ್ಲೆ," ಭಾವ ಹೇಳಿದರು. "ಯಾರ ಹೆಸರನ್ನೂ ಕೇಳದ ಬರಿಯಂಗಿಲ್ಲ, ಹಂಚಂಗಿಲ್ಲ. ಮನಿ ಮುಂದಿನ ಬೆಲ್ ಮ್ಯಾಲಿನ ಹೆಸರಿಗೂ ಜನ ಜಗಳಾ ಮಾಡ್ತಾರ."

"ಕ್ಷಮಿಸ್ರಿ ಅಂತ ನಾ ಬರೀತೀನಿ."

"ಬರೀಬ್ಯಾಡ. ಇನ್ನ ಏನೂ ಬರೀಬ್ಯಾಡ ನೀ," ಎಂದಳು ಅಕ್ಕ.

ಇಪ್ಪತ್ತೆಂಟನೇ ಮೆಸೇಜ್ ನಮ್ಮೆದುರಿಗೇ ಬಂತು. ಕ್ಲಬ್ಬಿನ ಮಕ್ಕಳ ವಿಭಾಗವನ್ನು ನೋಡಿಕೊಳ್ಳುವ ಬಿರ್ಗಿಟ್ ಎಂಬವರದು. ಗುರುವಾರ ಸಂಜೆ ಆರಕ್ಕೆ ಪಾಲಕರ ಸಭೆ. ವಿಷಯ: ಕೋಚ್ ಮಾನೊಲಿಸ್ ಮುಂದುವರಿಯಬೇಕೇ? ತಂಡದಲ್ಲಿ ನಡೆಯುವುದಕ್ಕೆಲ್ಲ ಕೋಚೇ ಹೊಣೆ.

ಮಾನೊಲಿಸರೊಡನೆ ನಾನು ಒಂದು ಮಾತೂ ಆಡಿರಲಿಲ್ಲ. ಬರೆದದ್ದು ನಾನು, ಹಂಚಿದ್ದು ನಾನು. ಕೆಲಸ ಹೋಗುವುದು ಮಾತ್ರ ಅವರದು. ಆ ದಿನ ಕಾಲಂನಲ್ಲಿ ಒಂದೇ ಗೀಟು ಇದೆ. ಪೆನ್ಸಿಲ್ ಒತ್ತಿ ಕಾಗದ ಹರಿದಿದೆ.

ಮೇ 13, ಮಂಗಳವಾರ: ಒಂಬತ್ತು ಮೊಳೆ

ಕ್ಷಮೆ ಕೇಳಲು ನಾನೇ ಹೋದೆ. ಶಾಲೆಯ ಹಿಂಭಾಗದಲ್ಲಿ ಹೌಸ್‌ಮೈಸ್ಟರಿಗೆಂದು ಕೊಟ್ಟ ಎರಡು ಕೋಣೆಯ ಮನೆ. ಮಾನೊಲಿಸ್ ಬಾಗಿಲು ತೆರೆದು, ನನ್ನ ಡೈರಿ ನೋಡಿ, "ಓ, ಲೆಕ್ಕದ ಟೀಚರ್," ಎಂದರು. ಇಂಗ್ಲಿಷ್ ಬರುತ್ತಿತ್ತು, ನನ್ನಷ್ಟೇ.

"ನಿಮ್ಮನ್ನ ಕೇಳದೆ ಬರೆದೆ. ತಪ್ಪಾಯ್ತು," ಎಂದೆ.

ಅವರು ಗದ್ದ ಮೇಲೆತ್ತಿ, ನಾಲಿಗೆಯಿಂದ 'ಚ್' ಎಂದರು. ನಾನು ಬೆಚ್ಚಿದೆ. ಅದು ನಮ್ಮ ಅಜ್ಜಿ 'ಇಲ್ಲ, ಬಿಡು' ಅನ್ನುವ ಸದ್ದು. ಗ್ರೀಸಿನಲ್ಲೂ ಅದಕ್ಕೆ ಅದೇ ಅರ್ಥವಂತೆ. ಹೌದು ಅನ್ನಲು ಅವರು ತಲೆಯನ್ನು ಒಂದು ಬದಿಗೆ ವಾಲಿಸುತ್ತಾರೆ, ಅದೂ ನಮ್ಮದೇ. ಇಷ್ಟು ವರ್ಷದಲ್ಲಿ ಜರ್ಮನರಿಗೆ ಇವೆರಡನ್ನೂ ಅರ್ಥ ಮಾಡಿಸಲಾಗಲಿಲ್ಲ ಎಂದು ಹೇಳಿ, ಬೆರಳುದ್ದದ ಕಪ್ಪಿನಲ್ಲಿ ಕಾಫಿ ಕೊಟ್ಟರು. ಅರ್ಧಕ್ಕಿಂತ ಕೆಳಗೆ ಬರೀ ಗಸಿ. ಗೊತ್ತಿಲ್ಲದೆ ಗಸಿಯನ್ನೂ ಕುಡಿದೆ.

ಗೋಡೆಯ ಮೇಲೆ ಜೆರ್ಸಿ, ಪದಕ, ಫೋಟೋ ಇರುತ್ತವೆಂದುಕೊಂಡಿದ್ದೆ. ಒಂದೂ ಇರಲಿಲ್ಲ. ಒಂದು ಹಲಗೆ, ಅದಕ್ಕೆ ಸಾಲಾಗಿ ಒಂಬತ್ತು ಮೊಳೆ, ಪ್ರತಿ ಮೊಳೆಗೆ ಒಂದು ಕೀಲಿಕೈ.

"ಒಂಬತ್ತು ಕ್ಲಬ್ಬು," ಎಂದರು. "ಕೋಚ್ ಆಗಿ. ಒಂಬತ್ತು ಕಡೆಯಿಂದಲೂ ಹೊರಗೆ ಹಾಕಿದರು."

ಅವರ ಊರು ಕವಾಲಾ, ಸಮುದ್ರದಂಡೆ. ಅಪ್ಪ ತಂಬಾಕಿನ ಗೋದಾಮಿನಲ್ಲಿ ಎಲೆ ವಿಂಗಡಿಸುತ್ತಿದ್ದರು. ನಮ್ಮ ಕಡೆ ನಿಪ್ಪಾಣಿಯಲ್ಲೂ ಅದೇ ಎಂದೆ. ಅವರು ನಿಪ್ಪಾಣಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಗೋದಾಮಿನ ಅಂಗಳದಲ್ಲಿ ಆಡುತ್ತಿದ್ದಾಗ ಎಲ್ಲರೂ ಚೆಂಡನ್ನು ಇವರಿಗೇ ಕೊಡುತ್ತಿದ್ದರು, ಏಕೆಂದರೆ ಇವರಿಗೆ ಕೊಟ್ಟರೆ ಗೋಲು. ಹದಿನೆಂಟಕ್ಕೆ ದೊಡ್ಡ ಕ್ಲಬ್ಬು, ಇಪ್ಪತ್ನಾಲ್ಕಕ್ಕೆ ಜರ್ಮನಿ. ಎರಡನೇ ದರ್ಜೆಯ ಲೀಗಿನಲ್ಲಿ ಏಳು ವರ್ಷ, ಮೇಲಿನ ಲೀಗಿನಲ್ಲಿ ಒಂದು. ಒಂದು ಗೋಲಿಗಾಗಿ ಇಡೀ ಊರು ಇವರನ್ನು ಹೆಗಲ ಮೇಲೆ ಹೊತ್ತು ರೈಲ್ವೆ ನಿಲ್ದಾಣದ ತನಕ ಹೋಗಿತ್ತಂತೆ. ದೇಶಕ್ಕಾಗಿ ಆಡಿದ್ದು ಒಂದೇ ಪಂದ್ಯ.

"ಎಷ್ಟು ನಿಮಿಷ?" ನನ್ನ ಬಾಯಿಂದ ತಾನಾಗಿ ಬಂತು.

"ಆರು." ಅವರಿಗೆ ಈ ಪ್ರಶ್ನೆ ಇಷ್ಟವಾದಂತೆ ಕಂಡಿತು. "ಯಾರೂ ಕೇಳೋದಿಲ್ಲ. ಎಲ್ಲರೂ ಗೋಲು ಕೇಳುತ್ತಾರೆ."

ಮಂಡಿ ಮುರಿದ ಮೇಲೆ ಕೋಚ್ ಆದರು. ಮೊದಲ ಕ್ಲಬ್ಬಿನಿಂದ ತೆಗೆದದ್ದು ಕಾರಿನ ರೇಡಿಯೋದಲ್ಲಿ ಗೊತ್ತಾಯಿತು, ಅಭ್ಯಾಸಕ್ಕೆಂದೇ ಹೋಗುತ್ತಿದ್ದರು. ಮೂರನೆಯದರಲ್ಲಿ, ಕಾರು ನಿಲ್ಲಿಸುವ ಜಾಗದಿಂದ ಇವರ ಹೆಸರಿನ ಫಲಕವನ್ನು ಮಾಲಿ ಕಿತ್ತು ತೆಗೆಯುತ್ತಿದ್ದ. ಐದನೆಯದನ್ನು ಹೆಂಡತಿಗೆ ಬೇಕರಿಯಲ್ಲಿ ಯಾರೋ ಹೇಳಿದರು. ಏಳನೆಯದರಲ್ಲಿ ಆ ಶನಿವಾರ ಗೆದ್ದಿದ್ದರು. ಗೆದ್ದ ಮರುದಿನ ತೆಗೆದರು. ಒಂಬತ್ತನೆಯ ಕ್ಲಬ್ಬಿನಿಂದ ಮೆಸೇಜ್ ಬಂದಾಗ ಹೊಸ ಮನೆಗೆ ಪರದೆ ಬಟ್ಟೆ ಅಳತೆ ಹಾಕಿಸುತ್ತಿದ್ದರು. ಆಮೇಲೆ ಅವರು ಪರದೆ ಕೊಂಡಿಲ್ಲ. ನಾನು ಕಿಟಕಿ ನೋಡಿದೆ. ನಿಜ.

"ಕೀಲಿಕೈ ವಾಪಸು ಕೇಳಲಿಲ್ಲವೇ?"

"ಬೀಗಾನೇ ಬದಲಿಸಿದ್ದರು. ನನ್ನ ಎದುರು ನಿಂತು ಹೇಳಿದವರು ಒಬ್ಬರೂ ಇಲ್ಲ, ಟೀಚರ್. ಒಂಬತ್ತರಲ್ಲಿ ಒಬ್ಬರೂ."

ನಮ್ಮಲ್ಲಿ ಮನುಷ್ಯನನ್ನು ಓಡಿಸುವುದಿದ್ದರೂ ಶಾಲು ಹೊದಿಸಿ, ಹಾರ ಹಾಕಿ, ಓಡಿಸಿದವನೇ ಅವನ ಗುಣಗಾನ ಮಾಡುತ್ತಾನೆ. ಅದನ್ನು ಅವರಿಗೆ ಹೇಳಿದೆ. ತುಂಬ ಹೊತ್ತು ನಕ್ಕರು.

"ನೀವು ಕೆಟ್ಟ ಕೋಚೇ?" ಎಂದು ಕೇಳಿದೆ. ಕೇಳಬಾರದಿತ್ತು.

"ಮೊದಲ ಒಂಬತ್ತರಲ್ಲಿ, ಹೌದು." ತಲೆ ವಾಲಿಸಿದರು. "ಇಪ್ಪತ್ತೈದು ವರ್ಷ ನಾನು ಮುಂದೆ ಮಾತ್ರ ನೋಡಿದೆ. ಹಿಂದಿನಿಂದ ಚೆಂಡು ಬರುತ್ತಿತ್ತು. ಯಾರು ಕೊಟ್ಟರು ಅಂತ ತಿರುಗಿ ನೋಡಿಲ್ಲ. ಗೋದಾಮಿನ ಅಂಗಳದಲ್ಲಿ ಚೆಂಡು ಕೊಟ್ಟ ಒಬ್ಬ ಹುಡುಗನ ಹೆಸರೂ ನನಗೆ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದವರಿಗೆ ಕೋಚ್ ಏನು ಹೇಳಬೇಕು? ನನ್ನನ್ನ ಒಂದು ದಿನವೂ ಯಾರೂ ಬೆಂಚಿನ ಮೇಲೆ ಕೂರಿಸಲಿಲ್ಲ. ಅದೇ ತಪ್ಪಾಯಿತು."

ಎದ್ದು ಕಪ್ಪು ತೊಳೆದಿಟ್ಟರು. ಹತ್ತನೇ ಮೊಳೆ ಇನ್ನೂ ಹೊಡೆದಿರಲಿಲ್ಲ. ಅದರ ಜಾಗಕ್ಕೆ ಪೆನ್ಸಿಲಿನಿಂದ ಒಂದು ಚುಕ್ಕೆ ಮಾತ್ರ ಇತ್ತು.

ಮೇ 15, ಗುರುವಾರ: ಕ್ಲಬ್ಬಿನ ಮನೆ

ಆರಕ್ಕೆ ಸಭೆ. ಆರಕ್ಕೆ ಮೂರು ನಿಮಿಷ ಇರುವಾಗಲೇ ಹನ್ನೊಂದು ದೊಡ್ಡವರು ಬಂದು ಕುಳಿತಿದ್ದರು. ಭಾವ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಈಶಾಳನ್ನೂ ಕರೆದುಕೊಂಡು ಹೋಗಿದ್ದೆವು. ಅವಳು ನನಗೂ ಅಕ್ಕನಿಗೂ ನಡುವೆ ಕುಳಿತು ಬ್ರೆಟ್ಸೆಲ್ ಎಂಬ ಗಂಟುಗಂಟಿನ ಉಪ್ಪು ಬ್ರೆಡ್ಡು ತಿನ್ನುತ್ತಿದ್ದಳು.

ಬಿರ್ಗಿಟ್ ಐವತ್ತರ ಹೆಂಗಸು, ದ್ರಾಕ್ಷಿ ತೋಟದವರು, ಅಂಗೈ ಗಂಡಸಿನ ಅಂಗೈಯಂತೆ ಒರಟು. ಮೊದಲು ಪಟ್ಟಿಯ ವಿಷಯ ತೆಗೆದರು. ಯಾರು ಬರೆಯಲು ಹೇಳಿದರು?

ಮಾನೊಲಿಸ್ ಎದ್ದು ನಿಂತು ಏನೋ ಹೇಳಿ ಕುಳಿತರು. ಅಕ್ಕ ನನ್ನ ಕಿವಿಯಲ್ಲಿ, "ತಾನ ಹೇಳಿ ಬರೆಸೀನಿ ಅಂದ್ರು," ಎಂದಳು.

"ಸುಳ್ಳು ಅದು. ಅಕ್ಕಾ, ನಾ ಮಾಡೀನಿ ಅಂತ ಹೇಳು."

"ಸುಮ್ಮನ ಕೂಡು. ಅವರ ಮೈಮ್ಯಾಲೆ ಹಾಕ್ಕೊಂಡಾರ. ನೀ ಮಂಗಳವಾರ ವಿಮಾನ ಹತ್ತಿ ಹೋಗ್ತಿ, ಇದ ಮಂದ್ಯಾಗ ನಾ ಬಾಳೇ ಮಾಡಬೇಕು."

ಅಕ್ಕ ಹೇಳಿದ್ದು ನ್ಯಾಯವೇ. ಆದರೂ ಎದ್ದು ನಿಂತೆ. ಅವಳು ಅಂಗಿ ಹಿಡಿದು ಎಳೆದಳು. ಜರ್ಮನ್ ಬಾರದು, ಆ ಗಡಿಬಿಡಿಯಲ್ಲಿ ಇಂಗ್ಲಿಷೂ ಹೊಳೆಯದೆ ಕನ್ನಡದಲ್ಲೇ ಹೇಳಿದೆ: ಬರೆದಾಂವ ನಾನು, ಹಂಚಿದಾಂವ ನಾನು, ಕೋಚ್ ಸರ್‌ಗೆ ಇದರದು ಏನೂ ಗೊತ್ತಿರಲಿಲ್ಲ, ನಮ್ಮೂರಾಗ ಹಿಂಗ ಮಾಡ್ತೀವಿ, ಇಲ್ಲೆ ಮಾಡಬಾರದು ಅಂತ ತಿಳೀಲಿಲ್ಲ, ಸೊನ್ನೆ ಬಂದ ಮಕ್ಕಳಿಗೆ ನಾ ಕ್ಷಮೆ ಕೇಳ್ತೀನಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಕ್ಕ, ಈಶಾ ಬಿಟ್ಟರೆ ಯಾರಿಗೂ ಒಂದಕ್ಷರ ತಿಳಿದಿರಲಿಲ್ಲ.

ಈಶಾ ಬ್ರೆಟ್ಸೆಲ್ ನುಂಗಿ, ಜರ್ಮನ್‌ನಲ್ಲಿ ಮೂರೇ ಪದ ಹೇಳಿದಳು. ಬರೆದದ್ದು ಮಾಮ, ಕ್ಷಮಿಸಿ ಎಂದಳಂತೆ. ಸಾಕಾಯಿತು. ಊಟ ಬಿಟ್ಟ ಹುಡುಗನ ತಾಯಿ ನನ್ನತ್ತ ತಲೆಯಾಡಿಸಿದಳು. ನಾನು ಒಂದು ನಿಮಿಷ ಹೇಳಿದ್ದನ್ನು ಮೂರು ಪದದಲ್ಲಿ ಮುಗಿಸಬಹುದೆಂಬುದೂ ಆ ದಿನದ ಒಂದು ಗೀಟು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಗ ಲೀನಾಳ ಅಪ್ಪ ಮಾತಾಡಿದರು. ದನಿ ಏರಿಸಲಿಲ್ಲ, ಈ ದೇಶದಲ್ಲಿ ಸಿಟ್ಟು ಬಂದಷ್ಟೂ ದನಿ ಇಳಿಯುತ್ತದೆ. ಅಕ್ಕ ಅನುವಾದಿಸಿದಳು. ಎಲ್ಲ ಮಕ್ಕಳಿಗೂ ಸಮನಾದ ಆಟ ಎಂಬುದು ಕ್ಲಬ್ಬಿನ ನಿಯಮ. ನನ್ನ ಮಗಳಿಗೆ ಕಡಿಮೆ ಸಿಗುತ್ತಿದೆ ಎಂದು ನನ್ನ ಅನುಮಾನ. ಈ ಯುವಕ ಎಲ್ಲವನ್ನೂ ಬರೆಯುತ್ತಾನಲ್ಲ, ನಿಮಿಷ ಬರೆದಿದ್ದಾನೆಯೇ?

ಡೈರಿ ನನ್ನ ತೊಡೆಯ ಮೇಲಿತ್ತು. ಆ ಪುಟವನ್ನು ನಾನು ಹಂಚಿರಲಿಲ್ಲ. ಅದರಲ್ಲಿ ಏನಿದೆಯೆಂದು ಗೊತ್ತಿತ್ತು. ಬರೆದಿಲ್ಲ ಎಂದರೆ ಮಾನೊಲಿಸ್ ಉಳಿಯುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಒಂದು ಅಂಕಿಯನ್ನೂ ತಿದ್ದಿದವನಲ್ಲ. ನನ್ನ ಗೆಳೆಯನ ತಂಡ ಸೋತಾಗಲೂ ತಿದ್ದಿಲ್ಲ. ಮಾನೊಲಿಸರ ಮುಖ ನೋಡಿದೆ.

"ಕೊಡಿ, ಟೀಚರ್," ಎಂದರು ಇಂಗ್ಲಿಷಿನಲ್ಲಿ.

ಅಕ್ಕ ಓದಿದಳು. ನಾಲ್ಕು ಮಕ್ಕಳು ಇಪ್ಪತ್ತೇಳು. ಮೂವರು ಇಪ್ಪತ್ತಾರು. ಲೀನಾ ಹದಿನಾಲ್ಕು.

ಬಿರ್ಗಿಟ್ ಮಾನೊಲಿಸರನ್ನು, ಇದು ಸರಿಯೇ ಎಂದು ಕೇಳಿದರು. ಸರಿ. ಬೇಕೆಂದೇ ಮಾಡಿದ್ದೇ? ಬೇಕೆಂದೇ. ಏಕೆ? ಅವರು ಗದ್ದ ಎತ್ತಿ 'ಚ್' ಎಂದರು. ಗೋಲು ಹೊಡೆದವನಿಗೆ ವಿವರಣೆ ಕೊಟ್ಟು ಅಭ್ಯಾಸವಿಲ್ಲ; ಬಿತ್ತು, ಇಲ್ಲವೇ ಬೀಳಲಿಲ್ಲ, ಅಷ್ಟೇ. ಅವರ ಮನೆಯಲ್ಲಿ ಕೇಳಿದ್ದನ್ನು ನಾನಾದರೂ ಹೇಳಬಹುದಿತ್ತು. ಆ ಮಾತಿಗೂ ಈ ಹದಿನಾಲ್ಕು ನಿಮಿಷಕ್ಕೂ ಸಂಬಂಧವಿದೆಯೆಂದು ಆಗ ನನಗೆ ಹೊಳೆಯಲಿಲ್ಲ.

ಬಿರ್ಗಿಟ್ ಮೇಜಿನ ಮೇಲೆ ನೋಡುತ್ತ, ಕೀಲಿಕೈ ಕೊಡಿ ಎಂದರು. ಅವರು ಕೊರಳಿಂದ ಕೆಂಪು ದಾರ ತೆಗೆದು ಮೇಜಿನ ಮೇಲಿಟ್ಟರು. ಹಾರವಿಲ್ಲ, ಶಾಲಿಲ್ಲ, ಭಾಷಣವಿಲ್ಲ. ಎಲ್ಲರೂ ತಾವು ಕುಡಿದ ಗ್ಲಾಸನ್ನು ತಾವೇ ತೊಳೆದಿಟ್ಟು ಹೊರಟರು. ಈಗಷ್ಟೇ ತೆಗೆದುಹಾಕಿಸಿಕೊಂಡವರೂ ಸಾಲಿನಲ್ಲಿ ನಿಂತು ಗ್ಲಾಸು ತೊಳೆದು, ಒರೆಸಿ, ಜಾಗಕ್ಕಿಟ್ಟರು.

ಮೇ 17, ಶನಿವಾರ: ಬೇಲಿ

ಹೊಸ ಕೋಚ್ ಸಿಗಲಿಲ್ಲ. ಗುರುವಾರ ಸಭೆಯಲ್ಲಿ ಮಾತಾಡಿದ ಎಲ್ಲರಿಗೂ ಶನಿವಾರ ಒಂದಲ್ಲ ಒಂದು ಕೆಲಸವಿತ್ತು. ಲೀನಾಳ ಅಪ್ಪ ತಮಗೆ ಆಫ್‌ಸೈಡ್ ಎಂದರೇನೆಂದೂ ತಿಳಿಯದು ಎಂದರು. ಮೈದಾನದಲ್ಲಿ ಬಿರ್ಗಿಟ್ ಕೀಲಿಕೈ ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಿದ್ದಾಗ ಭಾವ ನನ್ನ ಬೆನ್ನಿಗೆ ಕೈಹಚ್ಚಿ ಮುಂದೆ ತಳ್ಳಿದರು.

"ನಮ್ಮ ಹುಡುಗ ಪಿ.ಟಿ. ಮಾಸ್ತರ."

"ಭಾವ, ನಂಗ ಭಾಷಾನ ಬರಂಗಿಲ್ಲಲ್ರಿ."

"ಭಾಷಾ ಬರೋರ ಮಾತು ಈ ಮಕ್ಕಳು ಎಲ್ಲಿ ಕೇಳ್ಯಾವ? ಹೋಗು."

ಹೀಗೆ ಜರ್ಮನಿಯಲ್ಲಿ ನಾನು ಒಂದು ದಿನದ ಮಟ್ಟಿಗೆ ಕೋಚ್ ಆದೆ. ಬೇಲಿಯ ಆಚೆ ಒಬ್ಬರು ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಕುಡಿಯುತ್ತಿದ್ದರು. ಮಾನೊಲಿಸ್. ಒಳಗೆ ಬರಲು ಯಾರ ಅಡ್ಡಿಯೂ ಇರಲಿಲ್ಲ. ಬರಲಿಲ್ಲ.

ನಾನು ನಿಯಮದ ಪ್ರಕಾರವೇ ನಡೆಯಲು ನಿರ್ಧರಿಸಿದೆ. ಎಂಟು ಮಕ್ಕಳು, ಇನ್ನೂರು ನಿಮಿಷ, ತಲೆಗೆ ಇಪ್ಪತ್ತೈದು. ಗೋಲು ಬರೆಯಲಿಲ್ಲ, ಆಣೆ ಮಾಡಿದ್ದೆ. ಕೈ ಸುಮ್ಮನಿರದ್ದಕ್ಕೆ ಬೇರೆಯದನ್ನು ಬರೆದೆ: ಯಾರ ಕಾಲಿಗೆ ಎಷ್ಟು ಸಲ ಚೆಂಡು ತಗುಲಿತು.

ಮೊದಲ ಆಟ. ಲೀನಾ ಒಳಗಿದ್ದ ಆರು ನಿಮಿಷ, ಉಳಿದ ನಾಲ್ವರಿಗೂ ಸೇರಿ ಏಳು ಸಲ. ಅವಳು ಹೊರಗಿದ್ದ ನಾಲ್ಕು ನಿಮಿಷ, ಮೂವತ್ತೊಂದು ಸಲ. ತಪ್ಪಿರಬೇಕೆಂದು ಎರಡನೇ ಆಟದಲ್ಲಿ ಕಣ್ಣಿಟ್ಟು ನೋಡಿದೆ. ಲೀನಾ ಒಳಗೆ ಬಂದೊಡನೆ ಉಳಿದ ಮಕ್ಕಳು ಓಡುವುದನ್ನೇ ನಿಲ್ಲಿಸುತ್ತಿದ್ದರು. ಬಸ್ ಸ್ಟಾಪಿನಲ್ಲಿ ನಿಂತವರಂತೆ ನಿಂತು ಅವಳನ್ನು ನೋಡುತ್ತಿದ್ದರು. ಈಶಾ ಕೈ ಹಿಂದೆ ಕಟ್ಟಿಕೊಂಡಿದ್ದಳು. ಚೆಂಡು ಅಕಸ್ಮಾತ್ ಕಾಲಿಗೆ ಬಂದರೆ ಬೆಂಕಿ ತಗುಲಿದವರಂತೆ ಅದನ್ನು ಲೀನಾಳತ್ತ ದೂಡುತ್ತಿದ್ದರು. ಲೀನಾ ಒಮ್ಮೆಯೂ ತಿರುಗಿ ನೋಡಲಿಲ್ಲ. ಮಾನೊಲಿಸರ ಮಾತು ನೆನಪಾಯಿತು.

ಚೆಂಡು ಕೊಟ್ಟ ಒಬ್ಬ ಹುಡುಗನ ಹೆಸರೂ ನನಗೆ ಗೊತ್ತಿಲ್ಲ.

ಹನ್ನೆರಡು ದಿನದ ದೊಡ್ಡ ಗೀಟು ಅಲ್ಲಿ ಬಿತ್ತು. ಮಾನೊಲಿಸರನ್ನು ತೆಗೆಸಿದ ಪುಟ ನನ್ನದು. ನಿಮಿಷ ಸರಿಯಾಗಿತ್ತು, ಪುಟವೇ ಅರ್ಧವಾಗಿತ್ತು: ಏಕೆಂಬುದು ಅದರಲ್ಲಿರಲಿಲ್ಲ. ಬೇಲಿಯತ್ತ ನೋಡಿದೆ. ಅವರು ಬೇಕೆಂದೇ ಮುಖ ದ್ರಾಕ್ಷಿ ತೋಟದ ಕಡೆ ತಿರುಗಿಸಿದ್ದರು.

ಮೂರನೇ ಆಟ ಶುರುವಾಗಿ ಎರಡು ನಿಮಿಷಕ್ಕೆ ಲೀನಾಳನ್ನು ಹೊರಗೆ ಕರೆದೆ. ಹಗ್ಗದಾಚೆ ಅವಳ ಅಪ್ಪ ಗಡಿಯಾರ ನೋಡಿಕೊಂಡರು. ಅವಳು ಬಂದು ನೀರಿನ ಬಾಟಲಿ ಒದ್ದು ನನ್ನ ಪಕ್ಕ ಕುಳಿತಳು. ಅಳುವುದೊಂದು ಬಾಕಿ. ಹೇಳಲು ನನ್ನ ಹತ್ತಿರ ಭಾಷೆ ಇರಲಿಲ್ಲ. ಇದ್ದದ್ದು ಡೈರಿ ಮತ್ತು ಪೆನ್ಸಿಲ್. ಎರಡನ್ನೂ ಅವಳ ಮಡಿಲಿಗೆ ಹಾಕಿ, ಚೆಂಡು ತೋರಿಸಿ, ಒಂದು ಮಗುವಿನ ಕಾಲು ತೋರಿಸಿ, ಒಂದು ಗೀಟು ಎಳೆದು ತೋರಿಸಿದೆ.

ಅವಳು ಪೆನ್ಸಿಲ್ ತೆಗೆದುಕೊಂಡಳು. ಆಮೇಲೆ ಎಲ್ಲರ ಹೆಸರನ್ನು ಒಂದರ ಕೆಳಗೊಂದು ಬರೆದಳು. ಗೀಟು ಎಳೆಯತೊಡಗಿದಳು. ಬಹಳ ಕಟ್ಟುನಿಟ್ಟು, ಚೆಂಡು ಮೊಣಕೈಗೆ ತಗುಲಿದ್ದನ್ನು ಸೇರಿಸಲು ಒಪ್ಪಲಿಲ್ಲ. ನಾಲ್ಕನೇ ಸಾಲಿಗೆ ಗೀಟೇ ಬೀಳುತ್ತಿಲ್ಲವೆಂದು ಕಂಡು ಎದ್ದು ನಿಂತು ಕೂಗಿದಳು: "ಈಶಾ!" ಯಾರೋ ತಿರುಗಿ ಈಶಾಗೆ ಚೆಂಡು ಕೊಟ್ಟರು. ಲೀನಾ ಕುಳಿತು ಗೀಟು ಎಳೆದಳು.

ನಾಲ್ಕನೇ ಆಟದ ಕೊನೆಗೆ ಅವಳನ್ನು ಒಳಗೆ ಕಳಿಸಿದೆ. ಎಂದಿನಂತೆ ಇಬ್ಬರನ್ನು ದಾಟಿ ಗೋಲಿನ ಮುಂದೆ ಹೋದಳು. ಅಲ್ಲಿ ನಿಂತಳು, ಹಿಂದೆ ನೋಡಿದಳು, ಈಶಾಗೆ ಚೆಂಡು ತಳ್ಳಿದಳು. ಈಶಾ ಜೋರಾಗಿ ಕಾಲು ಬೀಸಿದಳು. ಚೆಂಡು ಅಲ್ಲೇ ಇತ್ತು, ಅವಳೇ ಬಿದ್ದಳು. ಗೋಲಾಗಲಿಲ್ಲ.

ಆಟ ಮುಗಿದ ಮೇಲೆ ಲೀನಾಳ ಅಪ್ಪ ಬಂದು ಡೈರಿಗೆ ಕೈಚಾಚಿದರು. ನಿಮಿಷದ ಪುಟ ತೆರೆದುಕೊಟ್ಟೆ. ಲೀನಾ ಹದಿನಾರು. ಮುಂದಿನ ಪುಟ ಅವರೇ ತಿರುಗಿಸಿದರು. ಅಲ್ಲಿ ಮಗಳ ಅಕ್ಷರದಲ್ಲಿ ಏಳು ಹೆಸರು, ಹೆಸರಿನ ಮುಂದೆ ಗೀಟುಗಳ ಸಾಲು. ಅವಳ ಹೆಸರು ಇರಲಿಲ್ಲ. ಅವರು ಆ ಪುಟವನ್ನು ಬಹಳ ಹೊತ್ತು ಓದಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಮುಂದಿನ ಶನಿವಾರ ಯಾರು ಅಂತ ಕೇಳ್ತಾರ," ಎಂದು ನನ್ನ ಪಕ್ಕದಿಂದ ಒಂದು ದನಿ ಬಂತು. ಈಶಾ. ಮಂಡಿಯ ಮೇಲಿನ ಮಣ್ಣು ಕೆರೆಯುತ್ತಿದ್ದಳು. ಔಟ್‌ಪುಟ್ ಇತ್ತು ಅವಳಲ್ಲಿ, ಯಾರಿಗೂ ಬೇಕಾಗಿರಲಿಲ್ಲ ಅಷ್ಟೇ.

ನಾನು ಪೆನ್ಸಿಲಿನಿಂದ ಬೇಲಿಯ ಕಡೆ ತೋರಿಸಿದೆ. ಲೀನಾಳ ಅಪ್ಪ ಅತ್ತ ನೋಡಿ, ಬಿರ್ಗಿಟ್ ಕಡೆ ನೋಡಿ, ತಲೆಯಾಡಿಸಿದರು.

ಬಿರ್ಗಿಟ್ ಬೇಲಿಯ ಹತ್ತಿರ ಹೋಗಿ, ಕೆಂಪು ದಾರದ ಕೀಲಿಕೈಯನ್ನು ತಂತಿಯ ಕಿಂಡಿಯಿಂದ ಆಚೆ ತೂರಿಸಿದರು. ಮಾನೊಲಿಸ್ ತೆಗೆದುಕೊಳ್ಳಲಿಲ್ಲ. ಗದ್ದ ಮೇಲೆತ್ತಿದರು. ಅಷ್ಟು ದೂರಕ್ಕೆ ಸದ್ದು ಕೇಳದಿದ್ದರೂ 'ಚ್' ಎಂದದ್ದು ನನಗೆ ತಿಳಿಯಿತು. ಆಮೇಲೆ ಕೈ ಎತ್ತಿ, ಮೈದಾನದ ಆ ತುದಿಯ ಗೇಟು ತೋರಿಸಿ, ತಾವೂ ಬೇಲಿಯ ಆಚೆ ಬದಿಯಿಂದ ಅದರತ್ತ ಕಾಲೆಳೆಯುತ್ತ ನಡೆದರು. ಬಿರ್ಗಿಟ್ ಈಚೆ ಬದಿಯಿಂದ ನಡೆದರು. ಮಕ್ಕಳು, ತಂದೆತಾಯಿಗಳು, ಎಲ್ಲರೂ ನೋಡುತ್ತಿದ್ದರು. ನಾನು ಹೆಜ್ಜೆ ಎಣಿಸಿದೆ. ಅರವತ್ತೆರಡು.

ಗೇಟು ತೆರೆಯಿತು. ಬಿರ್ಗಿಟ್ ಅವರೆದುರು ನಿಂತು, ತಲೆ ಎತ್ತಿ, ಅವರ ಕಣ್ಣು ನೋಡಿ, ಒಂದು ವಾಕ್ಯ ಹೇಳಿದರು. ಮಾನೊಲಿಸ್ ತಲೆಯನ್ನು ಒಂದು ಬದಿಗೆ ವಾಲಿಸಿದರು.